ಕಿಟೊಂಗದ ಇಳಿಜಾರು

ಇಲೂಲ ಊರಿನ ರಸ್ತೆಬದಿಯ ಟೊಮೇಟೊ ರಾಶಿಗಳನ್ನು ದಾಟುವವರೆಗೂ ಕಿಹ್ವೆಲೆ ಮುದುಕ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ. ಮೂವತ್ತೊಂದು ವರ್ಷ ಲಾರಿ ಓಡಿಸಿದವನು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಮಟಮಟ ಮಧ್ಯಾಹ್ನವೂ ಮಂಜಿನಂತೆ ಕಾಣುತ್ತಿತ್ತು. ಅವನನ್ನು ಮೊರೊಗೊರೊದ ಕಣ್ಣಾಸ್ಪತ್ರೆಗೆ ಕರೆದೊಯ್ಯುತ್ತಿದ್ದವಳು ತಂಗಿಯ ಮಗಳು ಸೆಮೆನಿ, ಇರಿಂಗದಲ್ಲಿ ಶಾಲಾ ಟೀಚರು. ಅವಳು ಕಾರು ಕೊಂಡು ಐದು ತಿಂಗಳಾಗಿತ್ತು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ, ಗೇರನ್ನು ತಾನೇ ಬದಲಿಸಿಕೊಳ್ಳುವ ಕಾರು.

“ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಇದನ್ನ ಓಡ್ಸೋದು ಅಂತಾರಾ? ಮಂಚದ ಮೇಲೆ ಕೂತಂಗಿದೆ.”

“ಮಂಚ ನಿಮ್ಮನ್ನ ಮೊರೊಗೊರೊಗೆ ಕರ್ಕೊಂಡು ಹೋಗುತ್ತಾ ಮಾವ?”

ಮುದುಕ ಪಕಪಕ ನಕ್ಕ. ಆದರೆ ರಸ್ತೆ ಕಿಟೊಂಗ ಘಾಟಿಯ ಕಡೆ ಬಾಗಿ ಕಾರಿನ ಮೂತಿ ಕೆಳಕ್ಕೆ ತಿರುಗುತ್ತಲೇ ಅವನ ಮಾತು ನಿಂತುಹೋಯಿತು. ಒಂದು ಕೈ ಬಾಗಿಲ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು. ಹನ್ನೊಂದು ವರ್ಷದ ಹಿಂದೆ ಇದೇ ಇಳಿಜಾರಿನಲ್ಲಿ ಅವನು ಓಡಿಸುತ್ತಿದ್ದ ಲಾರಿ ಉರುಳಿ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಡ್ರೈವರ್ ಸಾಂಗಾ ಸತ್ತಿದ್ದ. ಬ್ರೇಕು ಫೇಲಾಯಿತೆಂದು ಮನೆಮಂದಿಗೆಲ್ಲ ಗೊತ್ತು. ಆಮೇಲೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ, ಈ ದಾರಿಗೂ ಬರಲಿಲ್ಲ.

ಸೆಮೆನಿ ಈ ಇಳಿಜಾರಿನಲ್ಲಿ ಕಾರು ಓಡಿಸುತ್ತಿದ್ದುದು ಇದೇ ಮೊದಲು. ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ತಗ್ಗು ಗೋಡೆ, ಅದರಾಚೆ ಮರಗಳ ನೆತ್ತಿ. ಗೋಡೆಯ ಮೇಲೆ ಕೂತ ಬಬೂನ್ ಕೋತಿಗಳು ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದವು. ಅವಳು ಬ್ರೇಕಿನ ಮೇಲಿಟ್ಟ ಕಾಲನ್ನು ಎತ್ತಲೇ ಇಲ್ಲ. ನಾಲ್ಕನೆಯ ತಿರುವು ಕಳೆಯುವಷ್ಟರಲ್ಲಿ ಮುದುಕ ಮೂಗು ಎತ್ತಿದ.

“ಸುಟ್ಟ ವಾಸನೆ. ನಿನ್ನ ಬ್ರೇಕಿಂದು.”

“ಮುಂದೆ ಹೋದ ಯಾವ್ದೋ ಲಾರೀದು ಇರ್ಬೇಕು ಮಾವ.”

ಹಾಗೆಂದವಳು ಬ್ರೇಕ್ ಪೆಡಲನ್ನು ಇನ್ನಷ್ಟು ಒತ್ತಿದಳು. ಅದು ಮೆತ್ತಗೆ, ಹಸಿ ಮಣ್ಣಿಗೆ ಕಾಲಿಟ್ಟಂತೆ, ಒಳಗೆ ಹೋಯಿತು. ಕಾರು ನಿಧಾನಿಸಲಿಲ್ಲ. ಅರವತ್ತೈದು. ಎಪ್ಪತ್ತು.

“ಮಾವ, ನಿಲ್ತಿಲ್ಲ! ಹ್ಯಾಂಡ್‌ಬ್ರೇಕ್ ಎಳೀತೀನಿ—”

“ಮುಟ್ಟಬೇಡ! ಹಿಂದಿನ ಚಕ್ರ ಕಚ್ಕೊಂಡು ಗಾಡಿ ಅಡ್ಡ ತಿರುಗುತ್ತೆ. ಕೈಯಿಂದ ಗೇರ್ ಹಾಕೋ ಜಾಗ ಇದ್ರಲ್ಲಿ ಇಲ್ವೇ ಇಲ್ವಾ?”

“ಇದೆ. ಪಕ್ಕಕ್ಕೆ ತಳ್ಳಿದ್ರೆ ಪ್ಲಸ್ಸು, ಮೈನಸ್ಸು. ಒಂದ್ಸಲಾನೂ ಮುಟ್ಟಿಲ್ಲ!”

“ತಳ್ಳು!”

ತಳ್ಳಿದಳು. ಮೀಟರಿನಲ್ಲಿ ಗೇರಿನ ಅಂಕಿ ಮೂಡಿತು, ಐದು. ಗಾಬರಿಯಲ್ಲಿ ಗೇರು ಇಳಿಸುವ ಮೈನಸ್ಸಿನ ಕಡೆ ಪಟಪಟನೆ ಎರಡು ಸಲ ಎಳೆದಳು. ಕಾರು ಮುಗ್ಗರಿಸಿದಂತೆ ಜಗ್ಗಿತು, ರಸ್ತೆಗೆ ಚೆಲ್ಲಿದ್ದ ಎಣ್ಣೆಯ ಮೇಲೆ ಹಿಂಭಾಗ ಸರ್ರನೆ ಜಾರಿತು, ಗೋಡೆ ಹತ್ತಿರ ಬಂದು ಮತ್ತೆ ದೂರ ಹೋಯಿತು. ಅಂಕಿ ನಾಲ್ಕಕ್ಕೆ ನಿಂತಿತು. ಎರಡನೆಯ ಎಳೆತಕ್ಕೆ ಕಾರು ಒಪ್ಪದೆ ಬೀಪ್ ಎಂದು ಬೈಯಿತು.

ಸೆಮೆನಿ ಕಿರುಚಿದಳು. ಮುದುಕನೂ ಕಿರುಚಿದ.

“ಕೇಳು ಮಗಳೇ. ಬ್ರೇಕು ಇನ್ನೂ ಪೂರ್ತಿ ಸತ್ತಿಲ್ಲ. ಉಳಿದಿದ್ದನ್ನ ಚೂರು ಚೂರೇ ಖರ್ಚು ಮಾಡು. ಒಂದ್ಸಲ ಗಟ್ಟಿಯಾಗಿ ಒತ್ತು, ವೇಗ ಬಿದ್ದ ತಕ್ಷಣ ಒಂದೇ ಗೇರು ಎಳಿ, ಕಾಲು ತೆಗಿ. ಇಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ, ಕೂಗುತ್ತೆ, ಹೆದರ್ಬೇಡ. ಕೂಗಿ ಕೂಗಿ ಒಂದೇ ರಾಗಕ್ಕೆ ಬರೋವರ್ಗೂ ಇನ್ನೊಂದಕ್ಕೆ ಕೈ ಹಾಕ್ಬೇಡ.”

ತಿರುವಿನಾಚೆ ಸಿಮೆಂಟು ಹೇರಿದ ಲಾರಿಯೊಂದು ಆಮೆಯಂತೆ ಇಳಿಯುತ್ತಿತ್ತು. ಎದುರಿನಿಂದ ಬಸ್ಸು ಏದುಸಿರು ಬಿಡುತ್ತ ಹತ್ತುತ್ತಿತ್ತು. ಎರಡರ ನಡುವೆ ಕಾರು ನುಗ್ಗುವಷ್ಟು ಜಾಗವಿರಲಿಲ್ಲ.

“ಮುಂದೆ ಲಾರಿ ಇದೆ ಮಾವ. ಹತ್ರ ಬಂತು.”

“ಒತ್ತು. ಹಾಂ, ಈಗ ಎಳಿ!”

ಎಳೆದಳು. ಮೂರು. ಇಂಜಿನ್ ಗೋಳಿಟ್ಟಿತು. ಎದೆಯನ್ನು ಯಾರೋ ಅಂಗೈಯಿಂದ ಹಿಂದಕ್ಕೆ ತಳ್ಳಿದಂತೆ ಕಾರು ತಡೆಯಿತು, ಆದರೆ ಜಗ್ಗಲಿಲ್ಲ. ಕಣ್ಣು ಮುಚ್ಚಿಕೊಂಡು ಇಂಜಿನ್ನಿಗೆ ಕಿವಿಗೊಟ್ಟಿದ್ದ ಮುದುಕ, “ಇರು... ಇರು...” ಎನ್ನುತ್ತಿದ್ದ. ಲಾರಿಯ ಹಿಂಬದಿಯ ಹಲಗೆಯ ಮೇಲಿನ ಬಣ್ಣದ ಅಕ್ಷರಗಳೆಲ್ಲ ಈಗ ಅವಳಿಗೆ ಓದಲು ಬರುತ್ತಿದ್ದವು. ‘ಇರು’ ಎನ್ನುವ ಆ ಮನುಷ್ಯನ ಮೇಲೆ ಅವಳಿಗೆ ಸಿಟ್ಟು ಬಂತು. ಅವನಿಗೇನು, ಕಾಣುವುದಿಲ್ಲವಲ್ಲ!

“ಈಗ.”

ಒತ್ತಿ, ಎಳೆದು, ಬಿಟ್ಟಳು. ಎರಡು. ಈ ಸಲ ಗೇರು ಕೂತದ್ದು ಕೈಗೇ ಗೊತ್ತಾಗಲಿಲ್ಲ, ಬೆಣ್ಣೆಗೆ ಚಾಕು ಇಳಿದ ಹಾಗೆ. ಲಾರಿಗೆ ಎರಡು ಮಾರು ಇರುವಾಗ ಕಾರು ಅದರ ನಡಿಗೆಗೆ ಬಂತು. ಬಸ್ಸು ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಮುದುಕ ಹೇಳದೆಯೇ ಅವಳು ಇನ್ನೊಂದು ಗೇರು ಇಳಿಸಿದಳು. ಮುಂದಿನ ಇಪ್ಪತ್ತು ನಿಮಿಷ ಲಾರಿಯ ಹಿಂದೆಯೇ ತೆವಳಿದರು.

ಕೆಳಗೆ ಸಮನಾದ ನೆಲ ಸಿಕ್ಕಾಗ ಕಾರು ನಿಲ್ಲಿಸಿದಳು. ಚಕ್ರಗಳಿಂದ ಹೊಗೆ ಏಳುತ್ತಿತ್ತು. ನೀರಿನ ಬಾಟಲಿ ತೆಗೆದವಳನ್ನು ಮುದುಕ ತಡೆದ. “ನೀರು ಹಾಕ್ಬೇಡ, ಒಡೆದುಹೋಗುತ್ತೆ. ತಾನೇ ಆರಲಿ. ಬ್ರೇಕ್ ತೋರಿಸ್ದೆ ಮುಂದಕ್ಕೆ ಹೋಗೋದೂ ಬೇಡ.” ಅವನ ಪ್ಯಾಂಟು ಒದ್ದೆಯಾಗಿತ್ತು. ಅವಳು ನೋಡದವಳಂತೆ ತನ್ನ ಶಾಲು ಕೊಟ್ಟಳು.

ಅದನ್ನು ಮಡಿಲಲ್ಲಿ ಹರಡಿಕೊಂಡು ಮುದುಕ ಹೇಳಿದ: “ಅವತ್ತು ಬ್ರೇಕು ಫೇಲಾಗ್ಲಿಲ್ಲ. ಡೀಸೆಲ್ ಉಳೀಲಿ ಅಂತ ನಾನೇ ಗೇರ್ ತೆಗ್ದು ನ್ಯೂಟ್ರಲ್‌ಗೆ ಹಾಕಿದ್ದೆ. ಮತ್ತೆ ಹಾಕೋಕೆ ಹೋದ್ರೆ ಕೂರ್ಲಿಲ್ಲ. ಬರೀ ಬ್ರೇಕಿಗೆ ಅಷ್ಟು ಭಾರ ನಿಲ್ಲಲಿಲ್ಲ.”

ಸೆಮೆನಿ ನೀರಿನ ಬಾಟಲಿಯನ್ನು ಅವನ ಕೈಗಿಟ್ಟಳು.

“ಸಾಂಗಾನ ಹೆಂಡ್ತಿ ಮುಂದೆ ದಾರೀಲೇ, ಮಿಕುಮೀಲಿ ಇದ್ದಾಳೆ. ಅಲ್ಲಿ ನಿಲ್ಸು.”

ಇಳಿಜಾರಿನ ಬುಡದಲ್ಲೇ ಇದ್ದ ರುವಾಹ ಎಂಬುಯುನಿ ಊರಿನ ಮೆಕ್ಯಾನಿಕ್ಕು ಬ್ರೇಕಿನ ಪ್ಯಾಡು, ಎಣ್ಣೆ ಎರಡನ್ನೂ ಬದಲಿಸುವಷ್ಟರಲ್ಲಿ ಮುದುಕ ಬಟ್ಟೆ ಬದಲಿಸಿಕೊಂಡ. ಮಿಕುಮಿಗೆ ಬಂದಾಗ ಇಳಿಹೊತ್ತು. ಸಾಂಗಾನ ಹೆಂಡತಿ ಮನೆಯ ಮುಂದೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮುದುಕ ನಿಂತುಕೊಂಡೇ ಎಲ್ಲ ಹೇಳಿದ, ಅವಳಿದ್ದ ಕಡೆಗಿಂತ ಕೊಂಚ ಪಕ್ಕಕ್ಕೆ ಮುಖ ಮಾಡಿ. ಅವಳ ಕೈ ನಿಂತಿತು.

“ನ್ಯೂಟ್ರಲ್ ಬೇಡ ಅಂತ ಅವ್ರು ಹೇಳಿದ್ರಾ?”

“ಎರಡು ಸಲ ಹೇಳ್ದ.”

ಅವಳು ಮೊರವನ್ನು ಪಕ್ಕಕ್ಕಿಟ್ಟಳು. “ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ,” ಎಂದಳು. “ನನ್ನ ಮುಖ ನೋಡ್ಕೊಂಡು ಇನ್ನೊಂದ್ಸಲ ಹೇಳಿ.”

ಹನ್ನೆರಡು ದಿನದ ಮೇಲೆ, ಕಪ್ಪು ಕನ್ನಡಕ ಹಾಕಿಕೊಂಡ ಮುದುಕನನ್ನು ಕೂರಿಸಿಕೊಂಡು ಸೆಮೆನಿ ಮಿಕುಮಿಗೆ ವಾಪಸು ಬಂದಳು. ಮನೆ ಕಾಣುವಷ್ಟರಲ್ಲಿ ಅವನ ಕೈ ಮತ್ತೆ ಬಾಗಿಲ ಹಿಡಿಯನ್ನು ಹಿಡಿದುಕೊಂಡಿತು.

“ಇವತ್ತು ಬೇಡ್ವಾ ಮಾವ?”

“ನಡಿ,” ಎಂದು ಅವನು ಬಾಗಿಲು ತೆರೆದು ಇಳಿದ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಂಗಳದಲ್ಲಿ ಎದ್ದು ನಿಂತ ಹೆಂಗಸಿನ ಕಡೆ ನಡೆದ.