ಕಬ್ಬಿಣ ಹೊರಗ

“ಏ ಸೂಳೆಮಕ್ಕಳ, ಕಬ್ಬಿಣ ಹಿಡಕೊಂಡು ಎಲ್ಲಿಗಿ ಬರಾಕತ್ತೀರಿ? ಸಿಡ್ಲ ಕರಕೊಂಡು ಬರ್ತೀರೇನು? ಹೊರಗ ಒಗೀರಿ!”

ಖಣಿಯ ಮಾಲಕ ದೇವಿಂದ್ರಪ್ಪಗೌಡ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಶಹಾಬಾದಿನ ಆ ಬಯಲಿನಲ್ಲಿ ಸೂರು ಇದ್ದದ್ದು ಅದೊಂದೇ. ಕಲ್ಲು ಒಡೆಯುತ್ತಿದ್ದ ಹೆಂಗಸರು ಗುಡುಗು ಮಳೆಗೆ ಓಡಿ ಬಂದವರು ಹಾರೆ, ಸುತ್ತಿಗೆಗಳನ್ನು ದೂರ ಎಸೆದರು. ಗುಡುಗು ಶುರುವಾದರೆ ಮನೆಯೊಳಗಿನ ಕಬ್ಬಿಣವನ್ನೆಲ್ಲ ಅಂಗಳಕ್ಕೆ ಎಸೆದೇ ಬೆಳೆದವರು ಅವರು.

ಮಾಳಮ್ಮ ಬರಿಗೈ ತೋರಿಸುತ್ತ ಹೊಸ್ತಿಲ ಹತ್ತಿರ ಬಂದಳು.

“ಒಗದೀವ್ರಿ ಯಪ್ಪಾ. ಇನ್ನ ಒಳಗ ಬಿಡ್ರಿ.”

“ಒಳಗ ಬಾ ಅಂತ ನಿಮಗ್ಯಾರು ಅಂದ್ರು? ಕುಡಿಯೋ ನೀರಿನ ಕೊಡ ಅದ ಇಲ್ಲಿ. ಮುಟ್ಟಿ ಹೊಲಸ ಮಾಡ್ತೀರಿ. ಹುಣಸಿಗಿಡದ ಬುಡಕ ಹೋಗಿ ಸಾಯ್ರಿ.”

ಹೋದ ವರ್ಷ ಅದೇ ಗಿಡದ ಬುಡಕ್ಕೆ ನಿಂತ ಮಾಳಮ್ಮನ ಗಂಡ ಸಾಯಬಣ್ಣ ಸಿಡಿಲು ಬಡಿದು ನಿಂತಲ್ಲೇ ಕರಕಾಗಿದ್ದ. ಖಣಿಯ ತಗ್ಗಿಗೆ ಇಳಿದರೆ ನೀರು ನುಗ್ಗುತ್ತದೆ. ಅವಳ ಬೆನ್ನ ಹಿಂದೆ ಮಗಳು ಅಮೃತಮ್ಮ ಇಪ್ಪತ್ತು ದಿನದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಮಳೆಗೆ ಬೆನ್ನು ಕೊಟ್ಟು ಬಾಗಿ ನಿಂತಿದ್ದಳು. ಒಂದೊಂದು ಗುಡುಗಿಗೂ ಕೂಸಿನ ಪುಟ್ಟ ಮುಷ್ಟಿ ಬಿಚ್ಚಿ ಮುಚ್ಚುತ್ತಿತ್ತು.

“ಕೂಸಿಗರ ಒಂದೀಟು ಜಾಗ ಕೊಡ್ರಿ. ಕುದುರಿ ನಿಂತದಲ್ರಿ ಒಳಗ?”

“ಕುದುರಿ ಹೈದರಾಬಾದದ ನವಾಬರ ಮನ್ಯಾಗಿಂದ ಬಂದದ. ನಿನ್ನ ಮೊಮ್ಮಗ ಯಾರ ಮನ್ಯಾಗಿಂದ ಬಂದಾನ, ಯಾರಿಗ್ಗೊತ್ತು?” ಗೌಡ ತನ್ನ ಮಾತಿಗೆ ತಾನೇ ನಕ್ಕ.

“ಅದರ ನಾಕೂ ಕಾಲಾಗ ಕಬ್ಬಿಣದ ಲಾಳ ಅದಾವಲ್ರಿ. ಅದನ್ಯಾಕ ಹೊರಗ ಒಗದಿಲ್ಲ?”

ನಗು ನಿಂತಿತು. “ಬಾಯಿ ಭಾಳ ಆಯ್ತು ನಿಂದು, ಬೋಸುಡಿ!”

ಗೌಡನ ಕೈಯಲ್ಲಿದ್ದ ಕುದುರೆ ಚಬುಕು ಮಾಳಮ್ಮನ ಹೆಗಲಿಗೆ ಬಿತ್ತು. ಅದರ ತುದಿ ಹಿಂದೆ ಹಾರಿ ಕೂಸಿನ ಹಣೆಗೆ ತಾಗಿತು. ಕೂಸು ಚೀರಿತು.

ಮಾಳಮ್ಮ ತಿರುಗಿ ನಡೆದು, ಕೆಸರಿನಲ್ಲಿ ಬಿದ್ದಿದ್ದ ಉದ್ದನೆಯ ಹಾರೆಯನ್ನು ಎತ್ತಿಕೊಂಡಳು.

“ಯವ್ವಾ, ಬ್ಯಾಡ! ಕೆಳಗ ಒಗಿ!” ಹೆಂಗಸರು ಕೂಗಿದರು.

ಹಾರೆಯನ್ನು ಆಕಾಶಕ್ಕೆ ನೆಟ್ಟಗೆ ಹಿಡಿದುಕೊಂಡೇ ಅವಳು ಬಂದಳು. ಗೌಡ ಒಂದೊಂದೇ ಹೆಜ್ಜೆ ಹಿಂದೆ ಸರಿದ.

“ಹುಚ್ಚಿ, ಸಾಯ್ತಿ! ನನ್ನೂ ಸಾಯಿಸ್ತಿ!”

“ಹೌದ್ರಿ. ಕೂಡೇ ಸಾಯೋಣು. ಒಲ್ಲೆ ಅಂದ್ರ ನೀವೇ ಹೊರಗ ನಡೀರಿ.”

ಹೊಸ್ತಿಲು ದಾಟಿ ಹಾರೆಯನ್ನು ಹಾಸುಗಲ್ಲಿಗೆ ಕುಟ್ಟಿ ಊರಿದಳು.

“ಅಮೃತಿ, ಕೂಸಿನ್ನ ತಗೊಂಡು ಒಳಗ ಬಾ, ನನ್ನವ್ವಾ.”

ಅಮೃತಮ್ಮ ಬಂದಳು. ಕೂಸನ್ನು ಕುದುರೆಯ ಬೆಚ್ಚಗಿನ ಹೊಟ್ಟೆಗೆ ಆನಿಸಿ ನಿಂತಳು. ಗೌಡ ಗೋಡೆಗೆ ಅಂಟಿಕೊಂಡಿದ್ದ. ಉಳಿದ ಹೆಂಗಸರು ಒಳಗಿನ ಹಾರೆಗೆ ಹೆದರಿ ಹೊಸ್ತಿಲಿನಾಚೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಅವರ ತಲೆಯ ಮೇಲೆ ಆಲಿಕಲ್ಲು ಸುರಿಯತೊಡಗಿತು.