ಹೆಂಗಸರ ಸಾಲು

"ಬಳೆ ತೊಟ್ಕೊಳ್ಳೋ ಬೋಳಿಮಗನೆ! ಹೆಂಡ್ತೀನ ಹದ್ದುಬಸ್ತಿನಲ್ಲಿ ಇಡೋಕಾಗದ ನೀನೂ ಒಬ್ಬ ಗಂಡಸಾ?"

ಇಟ್ಟಿಗೆ ಗೂಡಿನ ಮುಂದೆ ಮೇಸ್ತ್ರಿ ಕಿರುಚುತ್ತಿದ್ದ. ಗೂಡಿಗೆ ಸೌದೆ ಒಟ್ಟುವ ಕುಳ್ಳ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ತಲೆಯ ಮೇಲೆ ಹೊರೆ ಹೊತ್ತು ಹೋಗುವಾಗ ಮೇಸ್ತ್ರಿ ಅವಳ ಸೊಂಟಕ್ಕೆ ಕೈ ಹಾಕಿದ್ದ. ಅವಳು ಹೊತ್ತ ಇಟ್ಟಿಗೆಗಳನ್ನು ಅವನ ಕಾಲ ಮೇಲೇ ಕೆಡವಿಬಿಟ್ಟಳು.

"ಎಲ್ಲರ ಮುಂದೆ ಅವಳ ಕೆನ್ನೆಗೆ ಬಾರಿಸು. ನಿನ್ನ ಕೈಲಾಗದಿದ್ರೆ ನಾನೇ ಬಾರಿಸ್ತೀನಿ."

ಮೇಸ್ತ್ರಿಯ ಬೆಲ್ಟು ಕುಳ್ಳನ ಬೆನ್ನಿಗೆ ಹೊಸದೇನಲ್ಲ.

ಸೌದೆ ರಾಶಿಯ ಪಕ್ಕದಿಂದ ಅವನ ಅಪ್ಪ ಗೊಣಗಿದ. "ಹೊಡೆದು ಮುಗಿಸೋ. ನಿಮ್ಮವ್ವನಿಗೆ ನಾನು ಹೊಡೀಲಿಲ್ವಾ? ಸತ್ತೋದ್ಲಾ?"

ಸತ್ತಿರಲಿಲ್ಲ. ಒಂದು ಕಿವಿ ಹೋಗಿತ್ತು, ಅಷ್ಟೆ. ಅವತ್ತು ಮೂಲೆಯಲ್ಲಿ ಕೂತು ಅತ್ತ ಕುಳ್ಳನಿಗೂ ಅಪ್ಪನ ಏಟು ಬಿದ್ದಿತ್ತು. "ಹೆಣ್ಣಿಗನ ಹಂಗೆ ಅಳ್ತೀಯೇನೋ?" ಅಂದಿನಿಂದ ಅವನು ಯಾರ ಎದುರೂ ಕಣ್ಣೀರು ಹಾಕಿದವನಲ್ಲ.

ಈಗ ಹೆಂಡತಿಯ ಮುಂದೆ ಹೋಗಿ ಕೈ ಎತ್ತಿದ.

"ಹೊಡ್ದುಬಿಡು," ಅವಳು ಪಿಸುಗುಟ್ಟಿದಳು. "ಅವನು ಹೊಡೆದ್ರೆ ನಾನು ಮೇಲಕ್ಕೇಳಲ್ಲ."

ಹಾಗೆನ್ನುವಾಗ ಅವಳ ಕಣ್ಣು ಮೇಸ್ತ್ರಿಯ ಕಡೆಗಿರಲಿಲ್ಲ. ಎತ್ತಿದ ಕೈಯನ್ನೇ ನೋಡುತ್ತಿತ್ತು, ರೆಪ್ಪೆ ಪಟಪಟ ಬಡಿಯುತ್ತಿತ್ತು. ಇವಳು ಹೆದರಿರುವುದು ನನಗೆ! ಕುಳ್ಳನ ಕೈ ತಾನಾಗಿ ಇಳಿಯಿತು.

"ಆಗಲ್ಲಣ್ಣಾ."

ಸುತ್ತ ನಿಂತಿದ್ದ ಗಂಡಸರು ಬಿದ್ದು ಬಿದ್ದು ನಕ್ಕರು. ಅಪ್ಪ ಮುಖ ತಿರುಗಿಸಿ ಉಗುಳಿದ.

"ಹಂಗಾದ್ರೆ ಇವತ್ತಿಂದ ನೀನು ಹೆಂಗಸು," ಎಂದ ಮೇಸ್ತ್ರಿ. "ಹೋಗು, ಅವರ ಸಾಲಲ್ಲಿ ಹೊರು."

ಕುಳ್ಳ ಹೋದ. ಕಾಲು ಎಲ್ಲಿ ಬೀಳುತ್ತಿದೆ ಎಂದು ಅವನಿಗೇ ತಿಳಿಯಲಿಲ್ಲ. ಸಾಲಿನಲ್ಲಿದ್ದ ಅವ್ವ ಅವನ ತಲೆಗೆ ಬಟ್ಟೆಯ ಸಿಂಬಿ ಇಟ್ಟು ಇಟ್ಟಿಗೆ ಜೋಡಿಸಿದಳು. "ಕತ್ತು ನೆಟ್ಟಗಿರಲಿ ಮಗಾ. ಕೆಳಗೆ ನೋಡ್ಬೇಡ."

"ಬಾರೇ ತಂಗಿ, ಜಾಗ ಐತೆ," ಎಂದಳು ಹಿಂದಿದ್ದ ಮುದುಕಿ. ಸಾಲಿಗೆ ಸಾಲೇ ಕಿಸಕ್ಕೆಂದಿತು. ಮತ್ತೆ ಇಟ್ಟಿಗೆ ಹೊತ್ತು ಕುಳ್ಳನ ಮುಂದೆ ನಿಂತಿದ್ದ ಹೆಂಡತಿಯೂ ನಕ್ಕಳು, ಸೆರಗು ಬಾಯಿಗಿಟ್ಟುಕೊಂಡು.

ಆ ನಗು ಮೇಸ್ತ್ರಿಗೆ ಹಿಡಿಸಲಿಲ್ಲ.

"ಯಾಕ್ರೇ ಕಿಸೀತೀರಾ ಲೌಡಿಗಳಾ? ತಳ್ರೇ ಅವನನ್ನ ಆಚೆಗೆ!"

ಯಾರೂ ತಳ್ಳಲಿಲ್ಲ. ಮೇಸ್ತ್ರಿ ಸೊಂಟದಿಂದ ಬೆಲ್ಟು ಎಳೆದುಕೊಂಡು ಸಾಲಿನತ್ತ ನಡೆದ. ಗಂಡಸರ ನಗು ನಿಂತಿತು.

ಕುಳ್ಳನಿಗೆ ಓಡಿಬಿಡಲೇ ಎನ್ನಿಸಿತು. ತಲೆಯ ಮೇಲಿನ ಇಟ್ಟಿಗೆಗಳು ಒಂದಕ್ಕೊಂದು ತಾಕಿ ಕಟಕಟ ಎನ್ನುತ್ತಿದ್ದವು. ಮುಂದಿದ್ದ ಹೆಂಡತಿಯ ತಲೆಯಿಂದಲೂ ಅದೇ ಸದ್ದು. ಹಿಂದಿದ್ದ ಮುದುಕಿಯ ತಲೆಯಿಂದಲೂ. ಸಾಲಿನುದ್ದಕ್ಕೂ ಕಟಕಟ, ಕಟಕಟ.

ಆದರೆ ಸಾಲು ಬಿಟ್ಟು ಯಾರೂ ಕದಲಲಿಲ್ಲ.