ನೋಯದ ತೋಳು

ಅತ್ತೆಯ ತೋಳು ನೋಯಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಫ್ಲೂ ಲಸಿಕೆಯನ್ನು ನಾವಿಬ್ಬರೂ ಒಂದೇ ದಿನ ಹಾಕಿಸಿಕೊಂಡಿದ್ದೆವು. ಮರುದಿನ ನನಗೆ ಇಸ್ತ್ರಿಪೆಟ್ಟಿಗೆ ಎತ್ತಲೂ ಆಗಲಿಲ್ಲ. ಅತ್ತೆ ಬಟ್ಟೆಯ ಗಂಟನ್ನು ಅದೇ ತೋಳಿನಲ್ಲಿ ಎತ್ತಿ ಮೇಜಿನ ಮೇಲೆ ಹಾಕಿದರು.

"ನಿನಗೆ ಲಸಿಕೆ ಹಿಡಿದಿದೆ. ನನಗೆ ಹಿಡಿದಿಲ್ಲ."

"ನೋವಿಗೂ ಅದಕ್ಕೂ ಸಂಬಂಧ ಇಲ್ಲ ಅತ್ತೆ."

"ಓದಿದವಳ ತೋಳಿಗೆ ಬುದ್ಧಿ ಬೇಗ ಹತ್ತುತ್ತೆ ಬಿಡು."

ಮನೆಯ ಮುಂದಿನ ಕೋಣೆಯೇ ನಮ್ಮ ಹೊಲಿಗೆ ಅಂಗಡಿ. ಕೋಟು ಚಿಕ್ಕದು ಮಾಡುವುದು, ಪ್ಯಾಂಟಿನ ಅಂಚು ಮಡಿಸುವುದು, ಜಿಪ್ ಬದಲಿಸುವುದು. ನೂಲಿನ ಧೂಳು ಅತ್ತೆಯ ಆಸ್ತಮಾಕ್ಕೆ ಆಗದು. ಆದರೂ ಕೆಲಸ ಬಿಡರು. ಕಳೆದ ಚಳಿಗಾಲದಲ್ಲಿ ಫ್ಲೂ ಜ್ವರ ಮೊದಲು ಬಂದದ್ದು ಅವರಿಗೆ. ಮಗ ಪಕ್ಕದಲ್ಲೇ ಕೂತು ನೋಡಿಕೊಂಡ. ಅವರು ಎದ್ದರು. ಅವನು ಮಲಗಿದ, ಏಳಲಿಲ್ಲ. ಅವನು ನನ್ನ ಗಂಡ. ಆ ಚಳಿಗಾಲದ ಮಾತು ನಾವು ಎತ್ತುವುದಿಲ್ಲ.

ಒಂದು ವಾರದ ನಂತರ ನಾನು ಗುಂಡುಸೂಜಿಗಳನ್ನು ಗಮನಿಸಿದೆ. ಅತ್ತೆ ಅವನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಕೆಲಸ ಮಾಡುವವರು. ಹಾಗೆ ಕಚ್ಚಿಕೊಂಡೇ ಗಿರಾಕಿಯನ್ನು ಬೈಯಲೂ ಬಲ್ಲರು. ಈಗ ಅವೆಲ್ಲ ಮೇಜಿನ ಮೇಲಿದ್ದವು. ಬಾಯಿ ಉಸಿರಾಡಲು ಬೇಕಾಗಿತ್ತು. ಬೆಳಿಗ್ಗೆ ಇನ್ಹೇಲರ್ ಎಳೆದುಕೊಂಡು ಅವರು ಬಾಯಿ ಮುಕ್ಕಳಿಸುವ ಸದ್ದು ಇಡೀ ಮನೆಗೆ ಕೇಳುತ್ತಿತ್ತು. ಈಚೆಗೆ ಅದೂ ಕೇಳಿರಲಿಲ್ಲ.

"ಪಂಪು ನಿಲ್ಲಿಸಿದ್ದೀರಾ?"

"ಅದರಲ್ಲಿರೋದು ಸ್ಟೀರಾಯ್ಡ್. ಮೈಯೊಳಗಿನ ಕಾವಲುಗಾರನ್ನ ಮಲಗಿಸುತ್ತಂತೆ. ಇಂಜೆಕ್ಷನ್ ಕೊಟ್ಟು ಅವನನ್ನ ಎಬ್ಬಿಸೋದು, ಪಂಪು ಎಳೆದು ಮತ್ತೆ ಮಲಗಿಸೋದು, ಏನು ಬಂತು?"

"ಯಾರು ಹೇಳಿದ್ದು?"

"ಗುಂಡಿ ಅಂಗಡಿಯವಳು."

"ಅವಳೇನು ಡಾಕ್ಟರಾ?"

"ಅವಳ ಮಗ ಬದುಕಿದಾನಲ್ಲ."

ನಾನು ಕತ್ತರಿ ಕೆಳಗಿಟ್ಟೆ. ಅವರ ಚಪ್ಪಲಿ ತಂದು ಕಾಲ ಬಳಿ ಹಾಕಿ, ಇನ್ಹೇಲರನ್ನು ನನ್ನ ಚೀಲಕ್ಕೆ ಸೇರಿಸಿದೆ.

ಚಿಕಿತ್ಸಾಲಯದಲ್ಲಿ ನಮಗೆ ಲಸಿಕೆ ಹಾಕಿದ್ದ ನರ್ಸ್ ಎಲ್ಲ ಕೇಳಿ ನಕ್ಕಳು. "ಸೊಂಟ ನೋವು ಅಂತ ಬರ್ತಾರೆ, ಮಂಡಿ ನೋವು ಅಂತ ಬರ್ತಾರೆ. ನೋವಿಲ್ಲ ಅಂತ ದೂರು ತಂದವರು ನೀವೊಬ್ಬರೇ ಅಮ್ಮಾ."

ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ ಮೇಲೆ ನಗು ನಿಂತಿತು.

"ತೋಳು ನೋಯದಿದ್ರೂ ಲಸಿಕೆ ರಕ್ತದೊಳಗೆ ತನ್ನ ಕೆಲಸ ಮಾಡುತ್ತೆ. ನಿಮ್ಮ ಪಂಪಿನ ಔಷಧಿ ಹೆಚ್ಚುಕಡಿಮೆ ಎದೆಯಲ್ಲೇ ಉಳಿಯುತ್ತೆ. ತುಂಬಾ ಜಾಸ್ತಿ ಡೋಸ್ ತಗೊಳ್ಳೋರಿಗೆ ಲಸಿಕೆ ಸ್ವಲ್ಪ ಕಮ್ಮಿ ಹಿಡಿಯಬಹುದು ಅಂತಾರೆ. ನಿಮ್ಮದು ಅಷ್ಟಿಲ್ಲ. ಇದ್ದರೂ ನಿಲ್ಲಿಸಬಾರದು. ಹೀಗೆ ಕಟ್ಟಿದ ಎದೆಗೆ ಫ್ಲೂ ಬಂದ್ರೆ ಏನು ಗತಿ?"

"ನನಗೆ ಬಂದ್ರೆ ಬರಲಿ," ಎಂದರು ಅತ್ತೆ. "ನನ್ನಿಂದ ಇವಳಿಗೆ ಬರಲ್ಲ ಅಂತ ಹೇಳ್ತೀರಾ?"

ನರ್ಸ್ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ಹಾಗೆ ಯಾರೂ ಹೇಳೋಕಾಗಲ್ಲ ಅಮ್ಮಾ. ಬರೋದು ಕಮ್ಮಿಯಾಗುತ್ತೆ. ಅದಕ್ಕೇ ಅಲ್ವಾ ಇವರಿಗೂ ಹಾಕಿದ್ದು? ನಿಮ್ಮದು ಎಲ್ಲಾದರೂ ಸೋತರೆ ಇವರದು ಇರುತ್ತೆ."

ಅತ್ತೆ ಆ ಮಾತನ್ನು ಬಟ್ಟೆಯ ಅಳತೆ ನೋಡುವ ಹಾಗೆ ಹಿಂದೆ ಮುಂದೆ ಮಾಡಿ ನೋಡಿದರು. ಆಮೇಲೆ ನನ್ನತ್ತ ಕೈ ಚಾಚಿದರು. ಇನ್ಹೇಲರ್ ಕೊಟ್ಟೆ.

ಹಿಂತಿರುಗುವಾಗ ಅವರು ಎರಡು ಕಡೆ ನಿಂತು ಸುಧಾರಿಸಿಕೊಂಡರು. ಎರಡನೆಯ ಸಲ ನಿಂತಾಗ ನನ್ನ ತೋಳನ್ನು ಬೆರಳಿಂದ ಒತ್ತಿದರು.

"ಇನ್ನೂ ನೋಯ್ತಿದೆಯಾ?"

ಆ ನೋವು ಎಂದೋ ಹೋಗಿತ್ತು.

"ಸ್ವಲ್ಪ ಇದೆ ಅತ್ತೆ."

"ಇರಲಿ, ಇರಲಿ," ಎಂದರು, ಸಮಾಧಾನದಿಂದ. ಒತ್ತಿದ ಜಾಗವನ್ನು ಮೆಲ್ಲಗೆ ಉಜ್ಜಿದರು. ದಾರಿಯುದ್ದಕ್ಕೂ ಆ ಕೈ ಅಲ್ಲೇ ಇತ್ತು.

ಮರುದಿನ ಬೆಳಿಗ್ಗೆ ನಾನು ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು ಕಾದೆ. ಬಚ್ಚಲಿನಿಂದ ಮುಕ್ಕಳಿಸುವ ಸದ್ದು ಬಂತು. ಇಡೀ ಮನೆಗೆ ಕೇಳುವಷ್ಟು.